ಬೋರಲು ಕೊಡ

ತಾಂಡೇಲರ ಎಡಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಹಾಯಿಯ ಹಗ್ಗ ಜಾರಿ ಜಾರಿ ಚರ್ಮ ನುಣ್ಣಗಾಗಿ ಹುಣಸೆ ಬೀಜದ ಹಾಗೆ ಹೊಳೆಯುತ್ತಿತ್ತು. ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರೆ ಮೂಡುತ್ತಿದ್ದದ್ದು ಬರೀ ಒಂದು ಕಪ್ಪು ಮಚ್ಚೆ. ನಮ್ಮ ಬಂದರು ಕಚೇರಿಯ ಸಾಹೇಬರು ಅದನ್ನು ಕಂಡಾಗೆಲ್ಲ ರೇಗುತ್ತಿದ್ದರು. "ಎಂತದ್ರೀ ಇದು? ಯಾರ ಹೆಬ್ಬೆಟ್ಟು ಅಂತ ಗುರುತು ಹಿಡಿಯೂದು ಹೇಗೆ?" ತಾಂಡೇಲರು ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ನಗುತ್ತಿದ್ದರು. "ಗೆರೆ ಎಲ್ಲ ಸಮುದ್ರಕ್ಕೆ ಹೋತು ಸಾಹೇಬ್ರೆ. ಬೇಕಾರೆ ಅಲ್ಲೇ ಹೋಗಿ ಕೇಳ್ಕಳಿ."

ಆ ಹೆಬ್ಬೆಟ್ಟನ್ನು ನಾನು ಎರಡು ಕಾಗದಗಳ ಮೇಲೆ ಒತ್ತಿಸಿಕೊಂಡೆ. ಎರಡೂ ಸುಳ್ಳು ಕಾಗದಗಳು. ಇದನ್ನು ಹೇಳದೆ ಸಾಯಲು ನನಗೆ ಮನಸ್ಸಿಲ್ಲ. ವಯಸ್ಸಂತೂ ಆಗಿಹೋಗಿದೆ.

ಮುಂಬೈ ಸರಕಾರದ ಕೈಯಿಂದ ನಮ್ಮ ಜಿಲ್ಲೆ ಮೈಸೂರಿನ ಕೈಗೆ ಬಂದು ಒಂದೋ ಎರಡೋ ವರ್ಷವಾಗಿತ್ತು. ಹೊನ್ನಾವರದಿಂದ ಕುಮಟೆಯವರೆಗೆ ಹೊಳೆ ಸಮುದ್ರಕ್ಕೆ ಸೇರುವಲ್ಲೆಲ್ಲ ಸಣ್ಣ ಸಣ್ಣ ಬಂದರು ಕಚೇರಿಗಳಿದ್ದವು. ಅಂಥ ಒಂದರಲ್ಲಿ ನಾನು ಕಾರಕೂನ. ಯಾವುದು ಎಂದು ಕೇಳಬೇಡಿ, ಆ ಕಟ್ಟಡ ಏನು ತಪ್ಪು ಮಾಡಿತ್ತು? ನಮ್ಮಲ್ಲಿಂದ ಮಚವೆಗಳು, ಅಂದರೆ ಹಾಯಿ ಕಟ್ಟಿ ಸರಕು ಒಯ್ಯುವ ದೊಡ್ಡ ಮರದ ಹಡಗುಗಳು, ಅಡಿಕೆ, ಮೆಣಸು, ತೆಂಗಿನಕಾಯಿ, ಹೆಂಚು ತುಂಬಿಕೊಂಡು ಮುಂಬೈಗೆ ಹೋಗುತ್ತಿದ್ದವು. ಮಚವೆಯನ್ನು ನಡೆಸುವವನು ತಾಂಡೇಲ. ಹಾಗೆ ಹತ್ತಾರು ತಾಂಡೇಲರಿದ್ದರೂ 'ತಾಂಡೇಲರು' ಎಂದು ಬಹುವಚನ ಹಚ್ಚಿ ಕರೆದರೆ ಅದು ಅವರೊಬ್ಬರೇ. ಹೊಳೆಯಾಚೆಯ ಕೇರಿಯವರು, ಮನೆಮಾತು ಕೊಂಕಣಿ. ಕಚೇರಿಗೆ ಬಂದರೆ ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. "ಅಲುಗಾಡ್ದೆ ಇದ್ದದ್ರ ಮೇಲೆ ಕೂತ್ರೆ ನಂಗೆ ತಲೆ ತಿರಗ್ತದೆ" ಎಂದು ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂರುವುದು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಕಣ್ಣು ಮಂಜಾಗುತ್ತಿತ್ತು. ಪುಸ್ತಕವನ್ನು ಮೂಗಿಗೆ ತಾಗಿಸಿ ಬರೆಯುವುದನ್ನು ಅವರು ಹೊಸ್ತಿಲಿಂದ ನೋಡಿದ್ದಾರೆ. ಕುಮಟೆಯ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನನ್ನಿಂದ ಕೇಳಿ ತೆಗೆದುಕೊಂಡು ಹೋದರು. ಮುಂದಿನ ಸಲ ಮುಂಬೈಯಿಂದ ಬಂದಾಗ ಸೊಂಟದ ಚೀಲದಿಂದ ಎರಡು ಕರಟಗಳನ್ನು ಸೇರಿಸಿ ಕಟ್ಟಿದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಳಗೆ ಹತ್ತಿ, ಹತ್ತಿಯ ನಡುವೆ ಕನ್ನಡಕ. "ಕಾರಕೂನರಿಗೆ ಅಕ್ಷರ ಕಾಣ್ಬೇಕು. ನಮ್ಗೆ ಕಾಣೂದಿಲ್ಲ, ನಿಮ್ಗಾದ್ರೂ ಕಾಣ್ಲಿ" ಎಂದರು. ಗಾಳಿ ಮಳೆಯಲ್ಲಿ ಎಂಟು ದಿನ ಪ್ರಯಾಣ ಮಾಡಿದ ಆ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತಿತ್ತು. "ನೆಲದ ಮೇಲೆ ಜಾತಿ ಕೇಳ್ಕಳಿ, ನೀರಿನ ಮೇಲೆ ಕೊಡ ನೋಡ್ಕಳಿ." ಇದರ ಅರ್ಥ ನನಗೆ ಬಹಳ ದಿನ ಆಗಿರಲಿಲ್ಲ. ಒಮ್ಮೆ ಕೇಳಿದಾಗ ವಿವರಿಸಿದರು. ಸಮುದ್ರದ ಮಧ್ಯೆ ಕುಡಿಯುವ ನೀರು ತೀರಿಹೋದ ದೋಣಿಯವರು ಖಾಲಿ ಕೊಡವನ್ನು ಉದ್ದ ಕೋಲಿನ ತುದಿಗೆ ಬೋರಲು ಹಾಕಿ ಎತ್ತಿ ನಿಲ್ಲಿಸುತ್ತಾರೆ. ಅದನ್ನು ಕಂಡ ಮಚವೆ, ಯಾರದ್ದೇ ಆಗಲಿ, ಎಲ್ಲಿಗೇ ಹೊರಟಿರಲಿ, ಹಾಯಿ ಇಳಿಸಿ ನಿಲ್ಲಬೇಕು. ಭಟ್ಕಳದ ಮುಸಲ್ಮಾನರ ಮಚವೆ, ಕಾರವಾರದ ಕ್ರಿಶ್ಚಿಯನ್ನರ ದೋಣಿ, ಯಾವುದೂ ಲೆಕ್ಕಕ್ಕಿಲ್ಲ. ಇದ್ದ ನೀರಿನಲ್ಲಿ ಅರ್ಧ ಕೊಟ್ಟೇ ಮುಂದೆ ಹೋಗುವುದು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. "ನಿಲ್ಲದೆ ಹೋದವ ಯಾರಾದ್ರೂ ಇದ್ರಾ?" ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಹಿಡಿಸಲಿಲ್ಲ. "ಅದೆಂತಾ ಮಾತು ಮಾರಾಯ್ರೆ" ಎಂದು ಎದ್ದು ಹೋದರು.

ಗೋವೆ ಇನ್ನೂ ಪೋರ್ತುಗೀಸ್ ಫಿರಂಗಿಯವರ ಕೈಯಲ್ಲಿದ್ದ ಕಾಲ ಅದು. ನಮ್ಮ ಮಚವೆಗಳು ಆ ದಂಡೆಗೆ ತಾಗದೆ ದೂರದ ನೀರಿನಲ್ಲೇ ಉತ್ತರಕ್ಕೆ ಹೋಗಬೇಕಾಗಿತ್ತು. ಆ ದೂರದ ನೀರಿನಲ್ಲಿ ದರೋಡೆ ಶುರುವಾಯಿತು. ಯಂತ್ರದ ದೋಣಿಗಳಲ್ಲಿ ಬರುತ್ತಿದ್ದರು, ಮುಖಕ್ಕೆ ಬಟ್ಟೆ. ಯಾವ ಊರಿನವರು, ಯಾರ ಜನ ಎಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ತಾಂಡೇಲರ ಮಚವೆಯೂ ಸಿಕ್ಕಿಬಿತ್ತು. ಅವರು ಆ ಕತೆ ಹೇಳಿದ್ದು ನಮ್ಮ ಕಚೇರಿಯ ಹೊಸ್ತಿಲ ಮೇಲೆ ಕೂತೇ. ದೂರದಲ್ಲಿ ಒಂದು ದೋಣಿ, ಕೋಲಿನ ತುದಿಗೆ ಬೋರಲು ಕೊಡ, "ಉದಕ, ಉದಕ" ಎಂಬ ಕೂಗು. ಇವರು ಹಾಯಿ ಇಳಿಸಿದ್ದಾರೆ. ತುಂಬಿದ ಕೊಡವನ್ನು ತಾವೇ ಬಗ್ಗಿ ಕೆಳಗೆ ಕೊಟ್ಟಿದ್ದಾರೆ. ಕೊಡ ಹಿಡಿದುಕೊಂಡ ಕೈಯೇ ಇವರ ಕೈ ಹಿಡಿದು ಎಳೆದಿದೆ. ಕತ್ತಿ ಹಿಡಿದ ಐದಾರು ಜನ ಮೇಲೆ ಹತ್ತಿ ಮೆಣಸು, ಅಡಿಕೆ ಮೂಟೆಗಳನ್ನೆಲ್ಲ ಹೊತ್ತರು. ಮಚವೆಯ ಕೆಲಸದಾಳು, ಅಂದರೆ ಖಲಾಸಿಯಾಗಿದ್ದ ಅವರ ತಂಗಿಯ ಮಗ ಅಡ್ಡ ಬಂದ. ಅವನ ತಲೆಗೆ ಹೊಡೆದು ಸಮುದ್ರಕ್ಕೆ ನೂಕಿದರು. ಹೆಣವೂ ಸಿಗಲಿಲ್ಲ.

"ನಾನೇ ನೀರ್ ಕೊಟ್ಟೆ ಕಾರಕೂನರೆ" ಎಂದರು. "ತಂಗಿ ಹತ್ರ ಎಂತ ಹೇಳೂದು?"

ತಾಂಡೇಲರು, ಬೇರೆ ಮಚವೆಯವರು, ಸರಕಿನ ಸಾವಕಾರರು ಎಲ್ಲ ಸೇರಿ ಅರ್ಜಿ ಹಾಕಿದರು. ಅರ್ಜಿ ಬರೆದವನು ನಾನೇ. ಬಂದರಿಗೆ ಒಬ್ಬ ದೊಡ್ಡ ಅಧಿಕಾರಿ ಬಂದು ಮರಳ ಮೇಲೆ ನಿಂತು ಭಾಷಣ ಮಾಡಿದರು. ಹಿಂದೆ ಪರದೇಶದವರ ಆಳಿಕೆಯಲ್ಲಿ ನೀವು ಅನಾಥರಿದ್ದಿರಿ, ಈಗ ನಿಮ್ಮ ಬೆನ್ನ ಹಿಂದೆ ನಿಮ್ಮದೇ ದೇಶ ನಿಂತಿದೆ, ದೇಶ ಚಿಕ್ಕ ವಯಸ್ಸಿನದು ನಿಜ, ಆದರೆ ತನ್ನ ಹಡಗುಗಳನ್ನು ಕಾಯುವ ತಾಕತ್ತು ಅದಕ್ಕೆ ಇದೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ. ತಾಂಡೇಲರು ಮರುದಿನವೇ ಪೇಟೆಗೆ ಹೋಗಿ ಖಾದಿಯ ತ್ರಿವರ್ಣ ಬಾವುಟ ತಂದು ಮಚವೆಯ ಹಿಂಭಾಗಕ್ಕೆ ಕಟ್ಟಿದರು. ಸಂಜೆಯಾದರೆ ತಾವೇ ಇಳಿಸಿ ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ಆಮೇಲೆ ಸುತ್ತೋಲೆ ಬಂತು. ಎರಡು ಪುಟ, ಇಂಗ್ಲಿಷಿನಲ್ಲಿ. ಪ್ರತಿಯೊಬ್ಬ ತಾಂಡೇಲನಿಗೂ ಕನ್ನಡದಲ್ಲಿ ಓದಿ ಹೇಳಿ, ಪೂರ್ತಿ ಓದಿ ಕೇಳಿಸಲಾಗಿದೆ ಎಂದು ಬರೆದು, ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಕೆಲಸ ನನ್ನದು.

ಅದು ಚೌತಿಯ ಹಿಂದಿನ ದಿನ. ಹಬ್ಬ ಕಳೆದ ಕೂಡಲೇ ಹೊರಡಬೇಕಾದ ಮಚವೆಗಳ ತಾಂಡೇಲರೆಲ್ಲ ಕಚೇರಿಯ ಜಗಲಿಯಲ್ಲಿ ಸೇರಿದ್ದರು. ನನಗೆ ಮೂರೂವರೆಯ ಬಸ್ಸಿಗೆ ಊರಿಗೆ ಹೋಗಬೇಕು. ಕುಮಟೆಯ ಆಚೆ ತೋಟದ ಮನೆ, ಗಣಪತಿ ತರುವ ಹೊತ್ತಿಗೆ ಮುಟ್ಟದಿದ್ದರೆ ಅಪ್ಪಯ್ಯನ ಮೋರೆ ನೋಡಲಾಗುವುದಿಲ್ಲ. ಮೊದಲ ಪುಟ ಓದಿದೆ. ಮೂರು ನಾಲ್ಕು ಮಚವೆ ಕೂಡಿಯೇ ಹೋಗಬೇಕು. ಬಾವುಟ ಹಾರಿಸಬೇಕು. ಗುರುತಿಲ್ಲದ ಯಾವ ದೋಣಿ ಕರೆದರೂ ಹಾಯಿ ಇಳಿಸಕೂಡದು, ನಿಲ್ಲಕೂಡದು. ಕಂಡದ್ದನ್ನು ಮುಂದಿನ ಬಂದರಿನಲ್ಲಿ ತಿಳಿಸಬೇಕು. ಅಷ್ಟು ಹೇಳಿ ಮಸಿಯ ಡಬ್ಬಿ ತೆರೆದೆ.

ಒಬ್ಬೊಬ್ಬರೇ ಬಂದು ಒತ್ತಿದರು. ತಾಂಡೇಲರು ಬೆರಳಿಗೆ ಮಸಿ ಹಚ್ಚಿಸಿಕೊಂಡವರು ಹಾಗೆಯೇ ನಿಂತರು.

"ಇನ್ನೊಂದು ಹಾಳೆ ಇದ್ದ ಹಾಂಗಿತ್ತು?"

"ಅದೆಲ್ಲ ಮಾಮೂಲಿ ಬರಹ. ನಿಮ್ಗೆ ಬೇಕಾದ್ದಲ್ಲ."

"ಹಂಗಾರೆ ಕೊಡ ಎತ್ತಿದವ್ರಿಗೂ ನಿಲ್ಲೂದ್ ಬೇಡ್ವಾ ಕಾರಕೂನರೆ?"

ನಾನು ಗೋಡೆಯ ಗಡಿಯಾರ ನೋಡಿದೆ. "ಕೊಡ ನೋಡಿ ನಿಂತೇ ಅಲ್ವಾ ನಿಮ್ ತಂಗಿ ಮಗ ಹೋದದ್ದು? ಯಾರಿಗೂ ನಿಲ್ಲೂದ್ ಬೇಡ. ಸರಕಾರ ಹೇಳಿದ ಮೇಲೆ ಮುಗೀತು."

ಅವರು ಸ್ವಲ್ಪ ಹೊತ್ತು ಬೆರಳನ್ನೇ ನೋಡಿಕೊಂಡರು. "ಆತು" ಎಂದರು. ಒತ್ತಿದರು. ಕಪ್ಪು ಮಚ್ಚೆ ಬಿತ್ತು. ಅದರ ಪಕ್ಕದಲ್ಲಿ 'ಪೂರ್ತಿ ಓದಿ ಕೇಳಿಸಲಾಗಿದೆ' ಎಂದು ದುಂಡಗೆ ಬರೆದೆ. ಅವರು ತಂದುಕೊಟ್ಟ ಕನ್ನಡಕ ಹಾಕಿಕೊಂಡೇ ಬರೆದೆ.

ಆ ವರ್ಷ ನಮ್ಮ ಬಂದರಿನ ಒಂದು ಮಚವೆಯೂ ದರೋಡೆಗೆ ಸಿಗಲಿಲ್ಲ. ಕಾವಲು ಹಡಗು ಎರಡು ಸಲ ದೂರದಲ್ಲಿ ಕಂಡಿತು ಎಂದೂ ಖಲಾಸಿಗಳು ಹೇಳಿದರು. ವರ್ಷದ ವರದಿಯಲ್ಲಿ ಹಾಗೆಯೇ ಬರೆದೆ, ಸಾಹೇಬರು ಬೆನ್ನು ತಟ್ಟಿದರು. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ದೇಶ ತನ್ನ ಮಚವೆಗಳನ್ನು ಕಾಯ್ದದ್ದು ನಿಜ.

ಆದರೆ ಆ ವರ್ಷವೇ, ಪುಷ್ಯ ಮಾಸದಲ್ಲಿ, ಭಟ್ಕಳದ ಕಡೆಯ ಬೆಳಕೆ ಎಂಬ ಊರಿನ ಒಂದು ದೋಣಿ ತೆಂಗಿನಕಾಯಿ ತುಂಬಿಕೊಂಡು ಕಾರವಾರಕ್ಕೆ ಹೊರಟದ್ದು ಗಾಳಿಗೆ ಸಿಕ್ಕಿತು. ಹಾಯಿಮರ ಮುರಿದು, ಹುಟ್ಟು ಕಳೆದು, ದಂಡೆ ಕಾಣದಷ್ಟು ದೂರಕ್ಕೆ ಹೋಯಿತು. ಐದು ಜನ. ಎಳನೀರು ಒಂದೂ ಇಲ್ಲ, ಎಲ್ಲ ಒಣಗಾಯಿ. ಭಾರ ಇಳಿಸಲು ಅದನ್ನೂ ಮೊದಲ ದಿನವೇ ಸಮುದ್ರಕ್ಕೆ ಚೆಲ್ಲಿದ್ದರು. ನಾಲ್ಕನೆಯ ದಿನ, ಕುಡಿಯುವ ನೀರು ತೀರಿಹೋದ ಮೇಲೆ, ಮೂರು ಮಚವೆಗಳು ಸಾಲಾಗಿ ಬರುವುದು ಕಂಡಿತು. ಮುಂದಿನದು ತಾಂಡೇಲರದು. ದೋಣಿಯವರು ಕೊಡವನ್ನು ಕೋಲಿಗೆ ಬೋರಲು ಹಾಕಿ ಎತ್ತಿದರು.

ಆಮೇಲಿನದು ಖಲಾಸಿಗಳ ಬಾಯಿಂದ ಕೇಳಿದ್ದು. "ತಾಂಡೇಲಣ್ಣ, ಕೊಡ" ಎಂದು ಒಬ್ಬ ಹೇಳಿದನಂತೆ. "ಕಂಡಿತು" ಎಂದರಂತೆ ತಾಂಡೇಲರು. ಹಾಯಿಯ ಹಗ್ಗಕ್ಕೆ ಕೈ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ "ನಿಲ್ಲೂಕಾಗೂದಿಲ್ಲ. ಹೆಬ್ಬೆಟ್ಟು ಒತ್ತಿ ಬಂದೆ" ಎಂದರಂತೆ. ಹಿಂದಿನ ಎರಡು ಮಚವೆಗಳೂ ಅವರನ್ನೇ ನೋಡಿ ಮುಂದೆ ಸಾಗಿದವು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ನೀರು ತುಂಬಿದ ಎರಡು ಕೊಡಗಳ ಬಾಯಿ ಕಟ್ಟಿ, ಹಲಗೆಗೆ ಬಿಗಿದು, ಅಲೆಯ ಮೇಲೆ ಬಿಟ್ಟರಂತೆ. ಹಲಗೆ ಆ ದೋಣಿಯ ಕಡೆ ಹೋಗಲಿಲ್ಲ. ಅದು ತಪ್ಪಿ ಬೇರೆ ಕಡೆ ತೇಲಿ ಹೋಗುವುದನ್ನು ಇವರು ಕಣ್ಣಿಗೆ ಕಾಣುವಷ್ಟು ಹೊತ್ತೂ ನೋಡುತ್ತ ನಿಂತಿದ್ದರಂತೆ.

ಎರಡು ದಿನ ಕಳೆದು ಭಟ್ಕಳದ ಮಚವೆಯೊಂದು ಆ ದೋಣಿಯ ಬೋರಲು ಕೊಡ ಕಂಡು ನಿಂತಿತು. ಅಷ್ಟರಲ್ಲಿ ಇಬ್ಬರು ತೀರಿಹೋಗಿದ್ದರು. ಒಬ್ಬರು ದೋಣಿಯ ಯಜಮಾನ, ಮುದುಕರು. ಅವರ ಮಗ ಬದುಕಿದ. ತಲೆ ಎತ್ತುವಷ್ಟು ಜೀವ ಬಂದ ಮೇಲೆ ಅವನು ಹೇಳಿದ ಮೊದಲ ಮಾತು ಇಡೀ ಕರಾವಳಿಗೆ ಹಬ್ಬಿತು. "ನಮ್ದೇ ಬಾವುಟ ಕಂಡಿತ್ತು. ಇನ್ನು ಬದುಕಿದ್ವಿ ಅಂದ್ಕಂಡಿದ್ವಿ."

ವಿಚಾರಣೆಯಾಯಿತು. ಮೇಲಿನಿಂದ ಬಂದ ಅಧಿಕಾರಿ ನಮ್ಮ ಸಾಹೇಬರ ಕುರ್ಚಿಯಲ್ಲಿ ಕೂತರು. ಹೇಳಿಕೆ ಬರೆದುಕೊಳ್ಳಲು ಪಕ್ಕದಲ್ಲಿ ನಾನು. ಮೊದಲು ಭಟ್ಕಳದ ಮಚವೆಯ ತಾಂಡೇಲನನ್ನು ಕೇಳಿದರು, ನೀನು ಸುತ್ತೋಲೆ ಮೀರಿ ಯಾಕೆ ನಿಂತೆ ಎಂದು. ಅವನಿಗೆ ಅಚ್ಚರಿಯಾಯಿತು. "ಮೀರಿದ್ದೆಲ್ಲಿ ಸಾಹೇಬ್? ಎರಡ್ನೇ ಕಾಗದದಲ್ಲಿ ನಿಲ್ಬೇಕು ಅಂತಾನೇ ಇದೆಯಲ್ಲ. ನಮ್ ಬಂದರಿನ ಕಾರಕೂನರು ಓದಿದ್ರು." ಅಧಿಕಾರಿ ಹಾಳೆ ತಿರುವಿ ನೋಡಿ ತಲೆಯಾಡಿಸಿದರು. ಬಳಿಕ ನಮ್ಮ ತಾಂಡೇಲರನ್ನು ಕರೆಸಿ, ಎರಡನೆಯ ಪುಟದ ಮೇಲೆ ಬೆರಳಿಟ್ಟು ಕೇಳಿದರು. "ಇದನ್ನು ನಿನಗೆ ಓದಿ ಹೇಳಿದ್ದರೋ, ಇಲ್ಲವೋ?"

ತಾಂಡೇಲರು ನನ್ನ ಕಡೆ ನೋಡಿದರು. ಎರಡನೆಯ ಪುಟದಲ್ಲಿ ಏನಿತ್ತು ಎಂಬುದು ಅವರಿಗೆ ಆಗ ಗೊತ್ತಾದದ್ದು. ನನ್ನ ಗಂಟಲು ಒಣಗಿ ನಾಲಿಗೆ ಅಂಟಿಕೊಂಡಿತ್ತು. ಒಂದು ಮಾತು, 'ನಾನು ಓದಲಿಲ್ಲ' ಎಂಬ ಒಂದೇ ಮಾತು ಸಾಕಿತ್ತು. ಬರಲಿಲ್ಲ. ಲೇಖನಿ ಹಿಡಿದು ಕೂತೆ.

"ಹೇಳಿದ್ರು" ಎಂದರು ತಾಂಡೇಲರು. "ನಂಗೇ ನೆನಪು ಹೋತು. ಬರ್ಕಳಿ ಕಾರಕೂನರೆ."

ಬರೆದುಕೊಂಡೆ. ಮಸಿ ಹಚ್ಚಿ ನಾನೇ ಅವರ ಬೆರಳು ಹಿಡಿದು ಒತ್ತಿಸಿದೆ.

ಮುಂದಿದ್ದ ಮಚವೆ ಅವರದು ಎಂದು ಹಿಂದಿನ ಇಬ್ಬರು ತಾಂಡೇಲರನ್ನು ಯಾರೂ ಏನೂ ಕೇಳಲಿಲ್ಲ. ಅವರ ತಾಂಡೇಲಿಕೆಯ ಪರವಾನಗಿ ಹೋಯಿತು. ಮಚವೆ ಬೇರೆಯವರ ಕೈಗೆ ಹೋಯಿತು. ಮನೆಗೆ ಬಂದು ಹೆಂಡತಿಯ ಎದುರು ಎಲ್ಲ ಹೇಳಿದೆ. ಅವಳು "ಆದ್ದು ಆಗೋತು. ಇನ್ನು ಯಾರ ಹತ್ರವೂ ಹೇಳ್ಬೇಡಿ" ಎಂದಳು. ಅವಳ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವಳು ಹಾಗೆ ಹೇಳಲಿ ಎಂದೇ ನಾನು ಅವಳ ಹತ್ತಿರ ಹೇಳಿದ್ದು.

ಕೇರಿಯವರು ತಾಂಡೇಲರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅವರ ಮನೆಯ ನೀರು ಕುಡಿಯುವುದನ್ನು ಬಿಟ್ಟರು, ಅಷ್ಟೇ. ಕೊಡ ಕಂಡೂ ನಿಲ್ಲದವನ ನೀರು ಯಾರಿಗೆ ಬೇಕು? ಮಗಳ ಮದುವೆಯ ಮಾತುಕತೆಗೆ ಬಂದವರು ಬೆಲ್ಲ ನೀರು ಮುಟ್ಟದೆ ಎದ್ದು ಹೋದರಂತೆ. ತಂಗಿಯೂ ಬರುವುದನ್ನು ನಿಲ್ಲಿಸಿದಳು. ಅವರು ದಂಡೆಗೆ ಹೋಗುವ ದಾರಿಯಲ್ಲಿ ಒಂದು ತೆಂಗಿನ ಬುಡಕ್ಕೆ ದೊಡ್ಡ ಮಣ್ಣಿನ ಹಂಡೆ ಇಟ್ಟು, ಮೇಲೆ ಹಲಗೆ ಮುಚ್ಚಿ, ಕರಟದ ಸೌಟು ಇಟ್ಟರು. ದಾರಿಹೋಕರಿಗೆ ಎಂದು. ಬಿಸಿಲಲ್ಲಿ ಬಲೆ ಹೊತ್ತು ಬರುವವರು ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಇವರು ದಿನಾ ಬೆಳಿಗ್ಗೆ ನಿನ್ನೆಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಬಾವಿಯಿಂದ ಹೊಸದು ತುಂಬುತ್ತಿದ್ದರು. ಒಂದು ದಿನ ಎರಡು ದಿನ ಅಲ್ಲ, ಎಂಟು ಒಂಬತ್ತು ವರ್ಷ. ಆ ತೆಂಗು ಮಾತ್ರ ಚೆನ್ನಾಗಿ ಕಾಯಿ ಬಿಡುತ್ತಿತ್ತು.

ನಾನೇನು ಮಾಡಿದೆ? ಬೇರೆ ದಾರಿಯಲ್ಲಿ ಓಡಾಡಿದೆ. ಗೋವೆ ನಮ್ಮದಾಯಿತು, ಮಚವೆಗಳು ದಂಡೆ ಹಿಡಿದೇ ಹೋಗತೊಡಗಿದವು, ಲಾರಿಗಳು ಬಂದು ಮಚವೆಗಳೇ ಕಡಿಮೆಯಾದವು. ನನಗೆ ಬಡ್ತಿ ಸಿಕ್ಕಿತು. ಒಳ್ಳೆಯ ದಾಖಲೆ ನೋಡಿ ಕೊಟ್ಟದ್ದಂತೆ.

ಬಡ್ತಿಯ ಮೇಲೆ ಭಟ್ಕಳಕ್ಕೆ ಹೋಗುವ ಮೊದಲು ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೊಳೆ ದಾಟಿದೆ. ತಾಂಡೇಲರು ಹಂಡೆಯ ಪಕ್ಕದಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದರು. ಬಡಕಲಾಗಿದ್ದರು. ನಾನು ಮರಳ ಮೇಲೆ ಕೂತೆ. ಎಲೆಅಡಿಕೆ, ಮಳೆ, ಮಕ್ಕಳು ಎಂದು ಏನೇನೋ ಆಡಿ, ಕೊನೆಗೆ ಕೇಳಿದೆ. "ಅವತ್ತು ಎಂತಕ್ಕೆ ಹಾಗೆ ಹೇಳಿದ್ರಿ?"

ಅವರು ಹಗ್ಗದಿಂದ ತಲೆ ಎತ್ತಲಿಲ್ಲ. "ನಿಮ್ ಮೋರೆ ನೋಡ್ದೆ. ಬಾಯಿ ಒಣಗಿತ್ತು ನಿಮ್ದು. ಒಂದ್ ಸಲ ಹಂಗಿದ್ದವ್ರನ್ನ ಬಿಟ್ ಮುಂದೆ ಹೋಗಿದ್ದೆ. ಮತ್ತೊಂದ್ ಸಲ ಹೋಗೂಕೆ ಆಗ್ಲಿಲ್ಲ."

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ.

"ನಿಮ್ ಮೇಲೆ ಸಿಟ್ಟಿಲ್ಲ ಅಂತ ತಿಳ್ಕಬೇಡಿ. ಇತ್ತು, ಈಗ್ಲೂ ಇದೆ. ನಾ ಕೇಳಿದ್ದೆ ನಿಮ್ಮ ಹತ್ರ, ಇನ್ನೊಂದು ಹಾಳೆ ಉಂಟಲ್ಲ ಅಂತ" ಎಂದರು. ಹೊಸೆಯುತ್ತಿದ್ದ ಹಗ್ಗ ಪಕ್ಕಕ್ಕಿಟ್ಟು, "ಬಿಸಿಲಲ್ಲಿ ಬಂದ್ರಿ. ನೀರು ಕುಡೀತ್ರಾ? ನೀವು ನಮ್ಮಲ್ಲಿ ಕುಡೀಲಿಕ್ಕಿಲ್ಲ" ಎಂದರು.

ಅಷ್ಟು ವರ್ಷದ ಪರಿಚಯದಲ್ಲಿ ಅವರ ಕೈಯ ನೀರನ್ನು ನಾನು ಒಮ್ಮೆಯೂ ಕುಡಿದಿರಲಿಲ್ಲ. ನಮ್ಮ ಮಡಿ ನಮಗೆ. ಕನ್ನಡಕ ತೆಗೆದುಕೊಳ್ಳಬಹುದಿತ್ತು, ನೀರು ಆಗುತ್ತಿರಲಿಲ್ಲ. ಕರಟದ ಸೌಟಿಗೆ ಕೈಯೊಡ್ಡಿದೆ. ಮೂರು ಸಲ ಹೊಯ್ದರು, ಮೂರು ಸಲವೂ ಕುಡಿದೆ. ಅವರು ಎದ್ದು ಹಂಡೆಯೊಳಗೆ ಬಗ್ಗಿ ನೀರು ಎಷ್ಟು ಇಳಿದಿದೆ ಎಂದು ನೋಡಿದರು. ನೋಡಿ, ಹಲಗೆ ಮುಚ್ಚಿದರು.

ಮರುವರ್ಷ ಮಳೆಗಾಲ ಕಳೆಯುತ್ತಲೇ ಅವರು ತೀರಿಕೊಂಡರು. ಸುದ್ದಿ ಭಟ್ಕಳಕ್ಕೆ ಬಂತು, ಹೋದೆ. ದಂಡೆಯ ಮೇಲೆ ಚಿತೆ ಉರಿಯುತ್ತಿತ್ತು. ಜನ ಕಡಿಮೆ. ದೂರದಲ್ಲಿ ಒಬ್ಬನೇ ಒಬ್ಬ ಮೂವತ್ತರ ಪ್ರಾಯದವನು ಬೆಳಕೆಯಿಂದ ಬಂದು ನಿಂತಿದ್ದ. ದೋಣಿಯಲ್ಲಿ ನೀರಿಲ್ಲದೆ ತೀರಿಹೋದ ಆ ಮುದುಕರ ಮಗ ಎಂದು ಯಾರೋ ಹೇಳಿದರು. ಸಿಟ್ಟಿಗೆ ಬಂದಿದ್ದನೋ ಮರುಕಕ್ಕೆ ಬಂದಿದ್ದನೋ ತಿಳಿಯಲಿಲ್ಲ. ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ನೀವೇ ಅಲ್ದ್ರಾ ಆಗಿನ ಕಾರಕೂನರು? ನಂಗೆ ಒಂದು ಮಾತು ಗೊತ್ತಾಗ್ಬೇಕು. ಇವ್ರಿಗೆ ಆ ಎರಡ್ನೇ ಹಾಳೆ ಓದಿ ಹೇಳಿದ್ರಾ ನೀವು?"

ತಾಂಡೇಲರು ಸತ್ತಿದ್ದರು. ನನ್ನ ನೌಕರಿ ಭದ್ರವಾಗಿತ್ತು. ಕೇಳಿದವನು ಅಧಿಕಾರಿಯಲ್ಲ, ಎದುರಿಗೆ ಕಾಗದವಿಲ್ಲ, ಮಸಿಯಿಲ್ಲ. ಅಪ್ಪನನ್ನು ಕಳೆದುಕೊಂಡವನು, ಯಾರನ್ನು ದ್ವೇಷಿಸಬೇಕು ಎಂದು ಸರಿಯಾಗಿ ತಿಳಿದುಕೊಳ್ಳಲು ಬಂದಿದ್ದ.

"ಓದಿ ಹೇಳಿದ್ದೆ" ಎಂದೆ.

ಅವನು ತಲೆಯಾಡಿಸಿ, ಚಿತೆಯ ಕಡೆಗೂ ನೋಡದೆ ಹೊರಟುಹೋದ.

ಆ ಸುತ್ತೋಲೆಯ ಪ್ರತಿಯೊಂದು ನನ್ನ ಹತ್ತಿರ ಉಳಿದಿದೆ. ಕಾಗದ ಹಳದಿಯಾಗಿದೆ, ಗುಂಡುಸೂಜಿಯ ತುಕ್ಕು ಎರಡೂ ಹಾಳೆಗೆ ಹತ್ತಿದೆ. ಎರಡನೆಯ ಪುಟದಲ್ಲಿ ಇರುವುದು ಇಷ್ಟೇ, ಕನ್ನಡದಲ್ಲಿ ಹೇಳುತ್ತೇನೆ: 'ಆದರೆ ನೀರಿಲ್ಲದೆ, ಅಥವಾ ಹಾಯಿಮರ ಮುರಿದು, ಕಷ್ಟದಲ್ಲಿರುವ ದೋಣಿ ಕಂಡರೆ ಜೊತೆಯ ಮಚವೆಗಳು ಸುತ್ತ ಕಾವಲು ನಿಂತು, ಒಂದು ಮಚವೆ ಹತ್ತಿರ ಹೋಗಿ ನೀರು ಕೊಡತಕ್ಕದ್ದು. ನೀರು ಕೇಳಿದವರನ್ನು ಬಿಟ್ಟು ಹೋಗಲು ಈ ಆಜ್ಞೆಯಲ್ಲಿ ಅಪ್ಪಣೆ ಇಲ್ಲ.'

ನಿಧಾನವಾಗಿ ಓದಿದರೂ ಇದಕ್ಕೆ ಒಂದು ನಿಮಿಷ ಹಿಡಿಯುವುದಿಲ್ಲ. ಆ ಚೌತಿಯ ಹಿಂದಿನ ದಿನ ಮೂರೂವರೆಯ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು.